ಕುಷ್ಟಗಿಗೆ ಅಜ್ಜಾರ ಸವಾರಿ

ಇಡೀ ಅನಾಹುತಕ್ಕೆ ಕಾರಣ ಒಂದು ‘ರು’.

ಕೊಪ್ಪಳ ಸೀಮೆಯಲ್ಲಿ ಮನೆಯ ಮುದುಕ ಅಂದರೆ ಅಜ್ಜ, ಮಠದ ಸ್ವಾಮಿಗಳು ಅಂದರೆ ಅಜ್ಜಾರು. ಅಜ್ಜನಿಗೆ ಮನೆಯ ಮೂಲೆ, ಅಜ್ಜಾರಿಗೆ ಹೂವಿನ ಮಂಟಪ. ಇಬ್ಬರ ನಡುವೆ ಇರುವುದು ಅಷ್ಟೇ ಅಂತರ. ಗಂಗಾವತಿಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ಸಿದ್ದಲಿಂಗೇಶನ ನಾಲಿಗೆ ಆ ದಿನ ಬೆಳಿಗ್ಗೆ ಆ ಅಂತರವನ್ನು ಒಂದೇ ನೆಗೆತಕ್ಕೆ ದಾಟಿಬಿಟ್ಟಿತು.

ಅವನಿಗೂ ಅವನ ತಮ್ಮ ಅಮರೇಶನಿಗೂ ಬೇವೂರಿನ ಹೊಲ ಪಾಲಾದ ದಿನ, ಹಿರಿಯರು ಕಟ್ಟೆಯ ಮೇಲೆ ಕೂತು ತಂದೆತಾಯಿಯನ್ನೂ ಪಾಲು ಮಾಡಿದ್ದರು. ಅಪ್ಪ ಗವಿಸಿದ್ದಪ್ಪ ಗಂಗಾವತಿಯಲ್ಲಿ ದೊಡ್ಡವನ ಮನೆಗೆ, ಅವ್ವ ಕಳಕಮ್ಮ ಕುಷ್ಟಗಿಯಲ್ಲಿ ಸಣ್ಣವನ ಮನೆಗೆ, ಆರು ತಿಂಗಳಿಗೊಮ್ಮೆ ಅದಲುಬದಲು. ನೊಗಕ್ಕೆ ಹೂಡಿದ ಎತ್ತಿನ ಜೋಡಿಯನ್ನು ಬಿಡಿಸಿ, ಒಂದನ್ನು ಈ ಊರಿನ ಗೂಟಕ್ಕೂ ಇನ್ನೊಂದನ್ನು ಆ ಊರಿನ ಗೂಟಕ್ಕೂ ಕಟ್ಟಿದ ಹಾಗೆ.

ಮಾತೇನೋ ಸರಿಸಮವಾಗಿತ್ತು. ಪಾಲು ಮಾತ್ರ ಸರಿಸಮವಾಗಿರಲಿಲ್ಲ. ಕಳಕಮ್ಮ ದುಡಿಯುವ ಪಾಲು. ಅಮರೇಶನ ಹೆಂಡತಿ ವಾಣಿಶ್ರೀ ಸಾಲಿಯ ಟೀಚರು, ಅವಳು ಮನೆ ಬಿಡುವ ಹೊತ್ತಿಗೆ ಅಡಿಗೆ ಆಗಿರುತ್ತಿತ್ತು, ಮಕ್ಕಳು ಸ್ನಾನ ಮಾಡಿರುತ್ತಿದ್ದವು, ಭಾಂಡಿ ಬೆಳಗಿರುತ್ತಿದ್ದವು. ಗವಿಸಿದ್ದಪ್ಪನದು ಉಣ್ಣುವ ಪಾಲು. ಉಣ್ಣುತ್ತಿದ್ದ, ಕೆಮ್ಮುತ್ತಿದ್ದ, ಬಂದ ಗಿರಾಕಿಗೆಲ್ಲ ಎತ್ತು ಹೂಡಿ ನೀರೆತ್ತುವ ಹಿಂದಿನ ಕಾಲದ ಕಪಿಲೆಬಾವಿಯ ಗುಣಗಾನ ಮಾಡಿ ಪಂಪು ಕೊಳ್ಳದಂತೆ ಮನವೊಲಿಸುತ್ತಿದ್ದ. ಹೀಗಾಗಿ ಮೊದಲ ಸಲ ಬಿಟ್ಟರೆ, ಅದಲುಬದಲಿನ ವಾಯಿದೆ ಬಂದಾಗಲೆಲ್ಲ ಅಮರೇಶನ ಮನೆಗೆ ಬೀಗ ಬೀಳುತ್ತಿತ್ತು. ಒಮ್ಮೆ ಗೃಹಪ್ರವೇಶ, ಒಮ್ಮೆ ಜವಳ, ಇನ್ನೊಮ್ಮೆ ಗಂಡಹೆಂಡಿರಿಬ್ಬರಿಗೂ ಒಂದೇ ದಿನ ಕಣ್ಣು ಬೇನೆ.

ಸರ್ಕಾರ ಮುದುಕರಿಗೆ ಕೊಡುವ ಮಾಸಾಶನಕ್ಕೆ ಆ ಕಡೆ ‘ಪಗಾರ’ ಅನ್ನುತ್ತಾರೆ. ಅಪ್ಪನ ಪಗಾರ ದೊಡ್ಡವನ ಬೈಕಿನ ಪೆಟ್ರೋಲಿಗೆ ಹೋಗುತ್ತಿತ್ತು, ಅವ್ವನದು ಸಣ್ಣವನ ಮಕ್ಕಳ ಟ್ಯೂಷನ್ನಿಗೆ. ಪಗಾರದ ಧಣಿಗಳು ಮಾತ್ರ ಒಂದು ಅಡಿಕೆ ಹೋಳಿಗೂ ಮಕ್ಕಳ ಮುಂದೆ ಕೈ ಚಾಚಬೇಕಿತ್ತು.

ಈಚೆಗೆ ಸಿದ್ದಲಿಂಗೇಶನ ಹೆಂಡತಿ ನೇತ್ರಾವತಿ ಖಾನಾವಳಿಗಳಿಗೆ ಖಡಕ್ ರೊಟ್ಟಿ ಮಾಡಿಕೊಡುವ ಧಂದೆ ಹಿಡಿದಿದ್ದಳು. ಆರ್ಡರು ಏರಿತು, ಅವಳ ಭುಜ ಇಳಿಯಿತು. ರೊಟ್ಟಿ ಬಡಿಯುವುದರಲ್ಲಿ ಅತ್ತೆಯ ಕೈ ಇಡೀ ಬೇವೂರಿಗೆ ಹೆಸರಾದದ್ದು ಅವಳಿಗೆ ಆಗ ನೆನಪಾಯಿತು.

“ನೋಡ್ರಿ,” ಅಂದಳು ಬೆಳಗಿನ ಚಹಾ ಕುಕ್ಕಿ ಇಡುತ್ತ, “ಇವತ್ತ ಮಾವಾರನ್ನ ಅಲ್ಲಿ ಬಿಟ್ಟು ಅತ್ತೀನ ಕರಕೊಂಡು ಬರ್ರಿ. ಬರ್ಲಿಲ್ಲಂದ್ರ ನೀವು ಕುಂತು ರೊಟ್ಟಿ ಬಡೀರಿ.”

ಸಿದ್ದಲಿಂಗೇಶ ತನ್ನ ಅಂಗೈ ನೋಡಿಕೊಂಡ. ಆಮೇಲೆ ಕುಷ್ಟಗಿಗೆ ಫೋನು ಹಚ್ಚಿದ.

ಎತ್ತಿದವಳು ವಾಣಿಶ್ರೀ. ಅವನು ಬಾಯಿ ತೆರೆಯುವ ಮೊದಲೇ, “ಬಾವಾರ, ಇವತ್ತ ನಾವು ಊರಾಗ ಇರಂಗಿಲ್ರಿ, ನಮ್ಮ ಮಾಮಾರ ಮನಿಯಾಗ...” ಅಂತ ಶುರುಮಾಡಿದಳು.

ಫೋನು ಇಟ್ಟಾಳೆಂಬ ಗಾಬರಿಯಲ್ಲಿ ಸಿದ್ದಲಿಂಗೇಶ ಇದ್ದಬದ್ದ ವಿನಯವನ್ನೆಲ್ಲ ದನಿಗೆ ಸುರಿದ. “ಅಲ್ಲವಾ ತಂಗೀ, ನಾನು ಅಜ್ಜಾರನ್ನ ಕರಕೊಂಡು ನಿಮ್ಮನಿಗೆ ಬರಬೇಕಂತ ಮಾಡಿದ್ದೆ...”

ವಾಣಿಶ್ರೀ ಅಲ್ಲಿಂದಲೇ ಗಂಡನನ್ನು ಕೂಗಿದಳು.

“ಅಜ್ಜಾರಾ? ನಮ್ಮನಿಗಾ? ಏನ್ರೀ, ಕೇಳಿದ್ರಿಲ್ಲೋ! ಅಜ್ಜಾರು ನಮ್ಮನಿಗೆ ಪಾದ ಬೆಳಸ್ತಾರಂತ! ಎಂಥಾ ಪುಣ್ಯಾರೀ ಬಾವಾರ! ನಾವು ಎಲ್ಲಿಗೂ ಹೋಗಂಗಿಲ್ಲ, ಬಾಗಲಾದಾಗ ನಿಂತಿರ್ತೀವಿ!”

ತಪ್ಪು ತಿಳಿದುಕೊಂಡಿದ್ದಾಳೆ ಎಂಬುದು ಸಿದ್ದಲಿಂಗೇಶನಿಗೆ ಗೊತ್ತಾಯಿತು. ತಿದ್ದಬೇಕೆಂದು ಬಾಯಿಯನ್ನೂ ತೆರೆದ. ಆದರೆ ‘ಎಲ್ಲಿಗೂ ಹೋಗಂಗಿಲ್ಲ’ ಎಂಬ ಮಾತು ಕಿವಿಗೆ ಬೆಲ್ಲದ ಪಾಕದಂತೆ ಇಳಿಯುತ್ತಿತ್ತು. ಮೂರು ವಾಯಿದೆಯಿಂದ ಬೀಗ ನೋಡಿ ನೋಡಿ ಬಂದವನು ಅವನು. ನಾನೇನು ಸುಳ್ಳು ಹೇಳಿಲ್ಲವಲ್ಲ, ಅಪ್ಪನಿಗೆ ಮರ್ಯಾದೆ ಕೊಟ್ಟು ಮಾತಾಡಿದೆ ಅಷ್ಟೆ ಎಂದು ಬಾಯಿ ಮುಚ್ಚಿದ.

ಗವಿಸಿದ್ದಪ್ಪ ಮಾತ್ರ ಹಬ್ಬಕ್ಕೆ ಹೊರಟ ಹುಡುಗನ ಹಾಗೆ ತಯಾರಾದ. ಒಗೆದ ಧೋತರ, ಬಿಳಿ ಅಂಗಿ, ಹೆಗಲಿಗೊಂದು ಶಾಲು, ಹಣೆ ತುಂಬ ವಿಭೂತಿ. “ನಿಮ್ಮವ್ವ ಇರ್ತಾಳೇನೋ?” ಅಂತ ಬಸ್ ಹತ್ತುವವರೆಗೆ ಐದಾರು ಸಲ ಕೇಳಿದ. ಕಳೆದ ಸಲ ಅವಳನ್ನು ನೋಡಿದ್ದು ಯಾರದೋ ಮದುವೆಯ ಪಂಕ್ತಿಯಲ್ಲಿ. ಗಂಡಸರ ಸಾಲಿನಲ್ಲಿ ಅವನು, ಹೆಂಗಸರ ಸಾಲಿನಲ್ಲಿ ಅವಳು, ನಡುವೆ ಸಾರಿನ ಬಕೀಟು.

ಬಸ್ಸು ಗಂಗಾವತಿ ದಾಟುವ ಮೊದಲೇ ಅಮರೇಶನ ಫೋನು ಬಂತು.

“ಅಣ್ಣಾ, ಯಾವ ಅಜ್ಜಾರು?”

“ನಮ್ಮ ಅಜ್ಜಾರೋ ಮಾರಾಯಾ. ಮತ್ಯಾವ ಅಜ್ಜಾರು?”

“ಎಲ್ಲದಾರ ಈಗ?”

“ನನ್ನ ಬಾಜೂಕ ಕುಂತಾರ. ಬಸ್ಸಿನ್ಯಾಗ.”

“ಬಸ್ಸಿನ್ಯಾಗಾ! ಕಾರು ಮಾಡಿಕೊಡಾಕ ಯಾ ಭಕ್ತರೂ ಇರ್ಲಿಲ್ಲೇನು?”

“ಭಾಳ ಸಾದಾ ಮನುಷ್ಯಾರು.”

“ಎಷ್ಟು ದಿನ ಇರ್ತಾರಣ್ಣ?”

“ಆರು ತಿಂಗಳು.”

“ಹಂಗಂದ್ರ ಅನುಷ್ಠಾನಕ್ಕ ಕುಂಡ್ರತಾರೇನು?”

ಸಿದ್ದಲಿಂಗೇಶ ಅಪ್ಪನ ಕಡೆ ನೋಡಿದ. “ಕುಂಡ್ರೋದು ಬಿಟ್ಟು ಬ್ಯಾರೆ ಕೆಲಸೇನೈತಿ ಅವರಿಗೆ?”

“ಮೌನಾನುಷ್ಠಾನನಾ?”

“ಅದೊಂದು ಆಗಂಗಿಲ್ಲ ನೋಡು.”

“ಪ್ರಸಾದಕ್ಕ ಏನು ಮಾಡಸ್ಲಿ? ಕೇಳಿ ಹೇಳು.”

ಸಿದ್ದಲಿಂಗೇಶ ಫೋನನ್ನು ಎದೆಗೆ ಒತ್ತಿಕೊಂಡು, “ಏನು ಉಣತೀಪಾ?” ಅಂದ.

“ಹೋಳಿಗಿ,” ಅಂದ ಗವಿಸಿದ್ದಪ್ಪ, ಪ್ರಶ್ನೆ ಮುಗಿಯುವ ಮೊದಲೇ. “ನಿಮ್ಮವ್ವನ ಕೈಲೆ ಮಾಡಿದ್ದು. ಹೂರಣ ಜಾಸ್ತಿ ಇರ್ಲಿ.”

“ಹೋಳಿಗಿ ಆಗಬೇಕಂತ. ಅವ್ವನ ಕೈಲೆ ಮಾಡಿದ್ದು. ಹೂರಣ ಜಾಸ್ತಿ.”

“ಅಬ್ಬಾ!” ಅಂದ ಅಮರೇಶ. “ಅವ್ವ ಹೋಳಿಗಿ ಛಲೋ ಮಾಡ್ತಾಳಂತ ಅವರಿಗೆ ಹೆಂಗ ಗೊತ್ತಾತು? ತ್ರಿಕಾಲ ಜ್ಞಾನಿ ಇರಬೇಕು!”

ಮುಂದಿನ ಸೀಟಿನಲ್ಲಿ ತಾವರಗೇರಾ ಸಂತೆಗೆ ಹೊರಟಿದ್ದ ಬಾಳೆಹಣ್ಣಿನ ಹೆಂಗಸು ಇಷ್ಟರಲ್ಲಿ ‘ಅಜ್ಜಾರು’ ಎಂಬುದೊಂದನ್ನು ಕೇಳಿಸಿಕೊಂಡಿದ್ದಳು. ಅವಳು ಎದ್ದು ಗವಿಸಿದ್ದಪ್ಪನ ಪಾದ ಮುಟ್ಟಿ, ಒಂದು ಚಿಪ್ಪು ಬಾಳೆಹಣ್ಣು ತೊಡೆಯ ಮೇಲಿಟ್ಟಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಕಂಡಕ್ಟರು. ಗವಿಸಿದ್ದಪ್ಪನಿಗೆ ಒಂದೂ ತಿಳಿಯಲಿಲ್ಲ. ಮುಟ್ಟಿದವರ ತಲೆಯ ಮೇಲೆಲ್ಲ ಕೈಯಿಟ್ಟ. “ಈ ಕಡಿ ಮಂದಿ ಭಾಳ ಸಂಭಾವಿತರಪಾ,” ಅಂದ ಬಾಳೆಹಣ್ಣು ಸುಲಿಯುತ್ತ. “ಗಂಗಾವತಿಯಾಗ ಯಾರೂ ತಿರುಗಿ ಸೈತ ನೋಡಂಗಿಲ್ಲ.”

ತಾವರಗೇರಾ ಬರುವಷ್ಟರಲ್ಲಿ ಕುಷ್ಟಗಿಯಿಂದ ಫೋನಿನಲ್ಲಿ ಬರುತ್ತಿದ್ದ ಸುದ್ದಿ ಬಿಸಿ ಎಣ್ಣೆಗೆ ಬಿದ್ದ ಪುರಿಯಂತೆ ಉಬ್ಬಿತ್ತು. ಓಣಿಯ ಶಾಮಿಯಾನದ ತಿಮ್ಮಣ್ಣ ತಾನಾಗಿಯೇ ಬಂದು ರಸ್ತೆಯುದ್ದಕ್ಕೂ ಶಾಮಿಯಾನ ಹೊಡೆದಿದ್ದಾನಂತೆ. ಬಾಜಾದವರು ಬಂದಿದ್ದಾರಂತೆ. ಮುತ್ತೈದೆಯರು ಕುಂಭ ಹೊತ್ತು ನಿಂತಿದ್ದಾರಂತೆ. ಮುಂದಿನ ಕೋಣೆಯಿಂದ ಅಮರೇಶನ ದೊಡ್ಡ ಟಿವಿ ತೆಗೆಸಿ ಅಜ್ಜಾರಿಗೆಂದು ಹೊಸ ಗಾದಿ, ಹೊಸ ಕೂಲರು ಹಾಕಿಸಿದ್ದಾರಂತೆ. ಆ ಮೊದಲ ಸಲ ಇದೇ ಮನೆಯಲ್ಲಿ ಅಪ್ಪ ಮಲಗುತ್ತಿದ್ದದ್ದು ಬೈಕು ನಿಲ್ಲಿಸುವ ತಗಡಿನ ಕೆಳಗೆ.

ಸಿದ್ದಲಿಂಗೇಶನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತು. “ಎಪ್ಪಾ, ಇಲ್ಲೇ ಇಳಿಯೂನು. ನನಗ ಯಾಕೋ ಆರಾಮಿಲ್ಲ. ಇನ್ನೊಮ್ಮೆ ಹೋಗೂನು.”

“ನೀ ಇಳಿ,” ಅಂದ ಗವಿಸಿದ್ದಪ್ಪ. “ನಾ ನನ್ನ ಹೇಂತೀನ ನೋಡಿ ಬರ್ತೀನಿ.”

ಇಡೀ ಬಸ್ಸು ಬೆಚ್ಚಿಬಿದ್ದು ಅಜ್ಜಾರ ಕಡೆ ನೋಡಿತು. ಸಿದ್ದಲಿಂಗೇಶ ಕೆಮ್ಮಿದ, ಕಿಟಕಿಯ ಹೊರಗೆ ನೋಡಿದ, ಮತ್ತೆ ಕೆಮ್ಮಿದ. ಕಡೆಗೆ ಇಳಿಯದೆ ಕುಳಿತ. ಬಾಳೆಹಣ್ಣಿನ ಹೆಂಗಸು ಮಾತ್ರ ಇಳಿಯುವಾಗ ಉಳಿದ ಎರಡು ಹಣ್ಣನ್ನು ವಾಪಸು ತೆಗೆದುಕೊಂಡು ಹೋದಳು.

ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಜಾ ಶುರುವಾಯಿತು. ತಿಮ್ಮಣ್ಣ ಗಾಲಿಯಷ್ಟು ದೊಡ್ಡ ಹಾರ ತಂದು ಗವಿಸಿದ್ದಪ್ಪನ ಕೊರಳಿಗೆ ಹಾಕಿದ. ಮುದುಕನ ಮುಖ ಚೆಂಡು ಹೂವಿನಲ್ಲಿ ಮುಳುಗಿ ಮೂಗೊಂದೇ ಹೊರಗುಳಿಯಿತು. ಟ್ರಾಕ್ಟರಿನ ಮೇಲೆ ಕುರ್ಚಿಯಿಟ್ಟು ಕೂರಿಸಿದರು. ಸಿದ್ದಲಿಂಗೇಶ ತಿಮ್ಮಣ್ಣನ ಕಿವಿಯಲ್ಲಿ, “ಅಣ್ಣಾರ, ಒಂದು ಸಣ್ಣ ತಪ್ಪಾಗೇತ್ರಿ...” ಅಂದ.

“ತಪ್ಪೇನು ಬಂತ್ರಿ, ಎಲ್ಲಾ ಸೂತ್ರ ಹಿಡದಂಗ ನಡದೈತಿ. ಸರೀರಿ ಅತ್ಲಾಗ,” ಅಂದು ತಿಮ್ಮಣ್ಣ ಅವನ ಕೈಗೊಂದು ಬಾವುಟ ಹಿಡಿಸಿದ.

ಮನೆಯ ಮುಂದೆ ಅಮರೇಶ ಮಡಿ ಉಟ್ಟು, ಪಾದ ತೊಳೆಯಲು ಹಿತ್ತಾಳೆಯ ಪರಾತ ಮುಂದಿಟ್ಟುಕೊಂಡು ನೆಲಕ್ಕೆ ಕೂತಿದ್ದ. ಅಜ್ಜಾರನ್ನು ತಲೆಯೆತ್ತಿ ನೋಡುವುದು ಉದ್ಧಟತನವೆಂದು ಕಣ್ಣು ಕೆಳಗಿಳಿಸಿದ್ದ. ವಾಣಿಶ್ರೀ ತಂಬಿಗೆ ಹಿಡಿದು ನಿಂತಿದ್ದಳು. ಹೂವಿನ ರಾಶಿಯೊಂದು ಬಂದು ಕುರ್ಚಿಯಲ್ಲಿ ಕೂತಿತು, ಎರಡು ಪಾದ ಪರಾತಕ್ಕೆ ಇಳಿದವು. ವಾಣಿಶ್ರೀ ನೀರು ಸುರಿದಳು. ಅಮರೇಶ ಭಕ್ತಿಯಿಂದ ಬಲಪಾದ ತೊಳೆದ. ಎಡಪಾದ ಹಿಡಿದಾಗ ಅವನ ಕೈ ನಿಂತಿತು. ಹೆಬ್ಬೆರಳು ಸೊಟ್ಟ. ಹೊಲ ಹರಗುವಾಗ ಕುಂಟೆ ಬಡಿದು ಸೊಟ್ಟಾದದ್ದು. ಚಿಕ್ಕಂದಿನಲ್ಲಿ ಆ ಪಾದದ ಮೇಲೆ ಕೂತು ಉಯ್ಯಾಲೆ ಆಡಿದವನು ಅವನು. ನಿಧಾನಕ್ಕೆ ಕತ್ತೆತ್ತಿದ.

“ಎಪ್ಪಾ!”

“ಯಾಕೋ ನಿಲ್ಲಿಸಿದಿ?” ಅಂದಿತು ಹೂವಿನ ರಾಶಿ. “ಹಿಮ್ಮಡ ತಿಕ್ಕು, ಒಡದಾವ.”

ಬಾಜಾ ನಿಂತಿತು. ತಂಬಿಗೆ ವಾಣಿಶ್ರೀಯ ಕೈಯಿಂದ ಜಾರಿ ಪರಾತದೊಳಗೆ ಢಣ್ಣೆಂದು ಬಿತ್ತು. ಅಮರೇಶ ಎದ್ದು ಅಣ್ಣನನ್ನು ಹುಡುಕಿದ. ಅಣ್ಣ ಬಾವುಟದ ಹಿಂದೆ ಅಡಗಲು ನೋಡುತ್ತಿದ್ದ.

“ಏನಣ್ಣಾ ಇದು? ಅಜ್ಜಾರು ಅಂದಿದ್ದಿ!”

“ಮತ್ತ ಇವರು ಯಾರು? ನಿನ್ನ ಮಕ್ಕಳಿಗೆ ಅಜ್ಜಾರಲ್ಲೇನು?”

ಇನ್ನೇನು ಅಣ್ಣತಮ್ಮಂದಿರು ಕೊರಳಪಟ್ಟಿಗೆ ಕೈ ಹಾಕಬೇಕು, ಅಷ್ಟರಲ್ಲಿ ಎದುರು ಮನೆಯ ಹಸೀಬಾ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯದ ನಗೆ. “ಅಮರೇಶ ಭಯ್ಯಾ, ಅಪ್ಪನ ಕಾಲು ತೊಳದ್ರ ಕೈ ಸವೀತಾವೇನು? ಅರ್ಧಾ ತೊಳದೀರಿ, ಇನ್ನರ್ಧಾ ಯಾಕ ಬಿಡ್ತೀರಿ?”

ಓಣಿಯೆಲ್ಲ ಗೊಳ್ಳೆಂದಿತು. ಓಣಿ ನಕ್ಕ ಮೇಲೆ ಹಿಂದೆ ಸರಿಯುವ ಗಂಡಸು ಯಾರು? ಅಮರೇಶ ಹಲ್ಲು ಕಚ್ಚಿ ಮತ್ತೆ ಕೂತ. ತಿಮ್ಮಣ್ಣ ಕೈಯೆತ್ತಿದ. “ತಡೀರಿ! ಸಂಸಾರಸ್ಥರಿಗೆ ಒಂಟಿ ಪೂಜಿ ಮಾಡಬಾರದು. ಜೋಡಿ ಕುಂಡ್ರಬೇಕು. ಕಳಕವ್ವನ್ನ ಕರೀರಿ!”

ಕಳಕಮ್ಮ ಅಡಿಗೆ ಮನೆಯಿಂದ ಹೊರಬಂದಳು. ಮುಂಗೈತನಕ ಕಣಕ, ಹಣೆಯ ಮೇಲೆ ಬೆವರು. ಇನ್ನೊಂದು ಕುರ್ಚಿ ಬಂತು. ಅವಳು ಗಂಡನ ಪಕ್ಕ ಕೂತಳು.

“ಮೊಣಕಾಲು ಹೆಂಗದಾವ?” ಗವಿಸಿದ್ದಪ್ಪ ಮೆಲ್ಲಗೆ ಕೇಳಿದ.

“ಅಲ್ಲೇ ಅದಾವ,” ಅಂದಳು ಕಳಕಮ್ಮ. “ಶಾಲು ಯಾಕ ಹಿಂಗ ಹರದೈತಿ? ಯಾರೂ ಹೊಲದು ಕೊಡಲಿಲ್ಲೇನು?”

ಹಸೀಬಾ ಸೆರಗಿನಿಂದ ಈ ಸಲ ಬಾಯಿಯನ್ನಲ್ಲ, ಕಣ್ಣನ್ನು ಒರೆಸಿಕೊಂಡಳು.

ಪೂಜೆ ಮುಗಿದ ಮೇಲೆ ತಿಮ್ಮಣ್ಣ ಕೈಮುಗಿದು, “ಏನು ಅಪ್ಪಣಿ ಆಗಬೇಕು?” ಅಂದ. ಪಾದಪೂಜೆ ಮಾಡಿದವರು ಅಪ್ಪಣೆ ಕೇಳಬೇಕು, ಅಪ್ಪಣೆಯಾದದ್ದನ್ನು ನಡೆಸಬೇಕು. ಅದು ರೂಢಿ.

“ನಂದೇನೈತಿ? ಆಕಿನ್ನ ಕೇಳ್ರಿ,” ಅಂದ ಗವಿಸಿದ್ದಪ್ಪ. ಅವನ ಕಣ್ಣು ಆಗಲೇ ಹೋಳಿಗೆಯ ಬುಟ್ಟಿಯ ಕಡೆ ಹೋಗಿತ್ತು.

“ನಾವಿಬ್ಬರೂ ಒಂದೇ ಕಡೆ ಇರ್ತೀವಿ,” ಅಂದಳು ಕಳಕಮ್ಮ. “ಯಾರ ಮನಿ ಅಂತ ನೀವೇ ಹೇಳ್ರಿ.”

ಅಣ್ಣತಮ್ಮಂದಿರು ಪರಸ್ಪರ ನೋಡಿದರು. ಅಮರೇಶನ ತಲೆಯಲ್ಲಿ ಲೆಕ್ಕ ಓಡಿತು. ಅವ್ವ ಹೋದರೆ ಅಡಿಗೆ, ಮಕ್ಕಳು, ಭಾಂಡಿ. ಅಪ್ಪ ಒಬ್ಬನ ಅನ್ನಕ್ಕೆ ಹೆದರಿ ಅಷ್ಟನ್ನೂ ಕಳೆದುಕೊಳ್ಳುವುದೇ? “ಇಲ್ಲೇ ಇರ್ತಾರ!” ಅಂದ. “ಗಾದಿ ಹಾಸಿದ್ದೈತಿ.”

ಸಿದ್ದಲಿಂಗೇಶನ ಕಣ್ಣ ಮುಂದೆ ರೊಟ್ಟಿಯ ಹಿಟ್ಟು ಬೆಟ್ಟದಂತೆ ನಿಂತಿತು, ಆ ಬೆಟ್ಟದ ತುದಿಯಲ್ಲಿ ನೇತ್ರಾವತಿ. “ಆಗಂಗಿಲ್ಲ! ನಾನು ಹಿರೇ ಮಗ. ನನ್ನ ಮನಿಗೆ ಬರ್ತಾರ!”

“ನಾ ಕೂಲರ್ ಹಾಕೀನಿ!”

“ನಾ ಮ್ಯಾಲಿನ ಖೋಲಿ ಬಿಟ್ಟುಕೊಡ್ತೀನಿ!”

“ಎರಡು ವರ್ಷ ಇಟ್ಟುಕೊಂತೀನಿ!”

“ಕಡೀ ತನಕ ಇಟ್ಟುಕೊಂತೀನಿ!”

ಎಪಿಎಂಸಿಯ ಹರಾಜಿನಲ್ಲಿ ಸೂರ್ಯಕಾಂತಿಗೂ ಇಷ್ಟು ಪೈಪೋಟಿ ಬಿದ್ದದ್ದಿಲ್ಲ. ಮಂದಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕತ್ತು ತಿರುಗಿಸುತ್ತಿದ್ದರು.

“ಮತ್ತ ನಮ್ಮ ಪಗಾರ?” ಅಂದಳು ಕಳಕಮ್ಮ ನಡುವೆ.

ಅಮರೇಶ ತಡವರಿಸಿದ. ಆ ತಡವರಿಕೆಯಲ್ಲಿ ಸಿದ್ದಲಿಂಗೇಶ ಗೆಲುವಿನ ವಾಸನೆ ಹಿಡಿದ. “ನಿಮ್ಮ ಪಗಾರ ನಿಮ್ಮ ಕೈಯಾಗ! ಒಂದು ಪೈಸೆ ಮುಟ್ಟಂಗಿಲ್ಲ! ಎಲ್ಲಾರ ಮುಂದ ಹೇಳ್ತೀನಿ!”

“ಎಲ್ಲಾರೂ ಕೇಳಿದ್ರಿಲ್ಲೋ?” ತಿಮ್ಮಣ್ಣ ಗರ್ಜಿಸಿದ. ಎಲ್ಲರೂ ಕೇಳಿದ್ದರು. ಯಾರೋ ಫೋನಿನಲ್ಲಿ ವಿಡಿಯೋ ಕೂಡ ಮಾಡಿಕೊಂಡಿದ್ದರು. ಬಾಜಾ ಮತ್ತೆ ಶುರುವಾಯಿತು. ಸಿದ್ದಲಿಂಗೇಶ ಎದೆಯುಬ್ಬಿಸಿ ತಮ್ಮನ ಕಡೆ ನೋಡಿದ. ವಾಣಿಶ್ರೀ ಒಳಗೆ ಹೋಗಿ, ಒಲೆಯ ಮುಂದೆ ಉಳಿದ ಹೂರಣದ ರಾಶಿ ನೋಡಿ ತಲೆಗೆ ಕೈ ಹೊತ್ತು ಕೂತಳು.

ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಇಬ್ಬರಿಗೆ ಮಾತ್ರ. ಗವಿಸಿದ್ದಪ್ಪ ಕಿಟಕಿಗೆ, ಕಳಕಮ್ಮ ಅವನ ಪಕ್ಕ. ಸಿದ್ದಲಿಂಗೇಶ ಗಂಟುಮೂಟೆ ಹಿಡಿದು, ಒಂದು ಕೈಯಲ್ಲಿ ಕಂಬಿಗೆ ಜೋತು ನಿಂತ. ಆದರೂ ಅವನ ಮುಖದಲ್ಲಿ ಗೆದ್ದ ಕಳೆ ಇತ್ತು. ಉಣ್ಣುವ ಪಾಲು ಮರಳಿ ಬಂದರೆ ಬರಲಿ, ದುಡಿಯುವ ಪಾಲೂ ಬಂತಲ್ಲ.

“ಅವ್ವಾ, ಒಂದು ಚೂರು ಹೆಚ್ಚುಕಡಿಮಿ ಆಗಿದ್ರ ಇವತ್ತ ಓಣಿ ಮಂದಿ ನನ್ನ ಹೊಡೀತಿದ್ರು ನೋಡು.”

“ಯಾಕ ಹೊಡೀತಾರ?” ಅಂದಳು ಕಳಕಮ್ಮ. “ಅಮರೇಶಂದು, ವಾಣೀದು, ಇಬ್ಬರ ಫೋನೂ ಯಾವಾಗ್ಲೂ ಸ್ಪೀಕರಿನ ಮ್ಯಾಗ ಇರ್ತಾವ. ನೀ ಅಜ್ಜಾರು ಅಂದಾಗ ಅನುಮಾನ ಬಂತು. ಹೂರಣ ಜಾಸ್ತಿ ಅಂದ ಕೂಡ್ಲೇ ಖಾತ್ರಿ ಆತು. ಹಿಂದಿನ ಬಾಗಲಿಂದ ಹೋಗಿ ತಿಮ್ಮಣ್ಣಗ ನಾನೇ ಹೇಳಿದೆ, ಶಾಮಿಯಾನ ಹೊಡಿ, ಓಣಿ ಮಂದೀನ ಕೂಡಸು, ಪೂಜಿ ಮುಗಿದ ಮ್ಯಾಲ ಅಪ್ಪಣಿ ಕೇಳು ಅಂತ. ಅವನ ಸೊಸಿ ಬಾಣಂತನ ಮಾಡೀನಿ, ಅಷ್ಟೂ ಮಾಡಂಗಿಲ್ಲೇನು ಅಂವ?”

ಸಿದ್ದಲಿಂಗೇಶನ ಕೈ ಕಂಬಿಯಿಂದ ಜಾರಿತು. “ನೀನಾ? ಯಾಕವಾ?”

“ನಾಕು ಗ್ವಾಡಿ ನಡುವ ಕೇಳಿದ್ರ ನೀವು ಯಾರೂ ಕಿವ್ಯಾಗ ಹಾಕ್ಕೊಂತಿದ್ದಿಲ್ಲ. ಮಂದಿ ಮುಂದ ಕೇಳಿದ್ರ ಇಲ್ಲ ಅನ್ನಾಕ ಬರಂಗಿಲ್ಲ.”

ಅಷ್ಟರಲ್ಲಿ ಅವನ ಕಿಸೆಯಲ್ಲಿ ಫೋನು ರಿಂಗಾಯಿತು. ನೇತ್ರಾವತಿ. “ಅತ್ತಿ ಬಂದ್ರೋ ಇಲ್ಲೋ? ಎರಡು ಖಾನಾವಳಿ ಆರ್ಡರ್ ಹೆಚ್ಚಿಗಿ ಹಿಡದೀನಿ. ಅವರಿಗೆ ಕೊಡ್ರಿ ಫೋನು.”

ಕಳಕಮ್ಮ ಫೋನು ಕಿವಿಗೆ ಹಿಡಿದಳು. ಪಕ್ಕದಲ್ಲಿ ಗವಿಸಿದ್ದಪ್ಪ ಅವಳ ಹೆಗಲಿಗೆ ತಲೆಯಾನಿಸಿ ಆಗಲೇ ನಿದ್ದೆಹೋಗಿದ್ದ.

“ನೇತ್ರಾ, ಬರಾಕತ್ತೀವವಾ, ಇಬ್ಬರೂ. ಕಡೀ ತನಕ ಅಂತ ನಿನ್ನ ಗಂಡ ಮಂದಿ ಮುಂದ ಹೇಳ್ಯಾನ. ಪಾದಪೂಜಿ ಆದ ಮ್ಯಾಲ ಒಲಿ ಮುಂದ ಕುಂಡ್ರಬಾರದಂತ, ತಿಮ್ಮಣ್ಣ ಹೇಳಿದ. ಅದಕ್ಕ ನೀನೇ ನಾಕು ರೊಟ್ಟಿ ಬಡದಿಡು ತಾಯಿ. ಬಿಸಿ ಬಿಸಿ ಇರ್ಲಿ, ನಿಮ್ಮ ಮಾವಗ ಖಡಕ್ ರೊಟ್ಟಿ ಕಡಿಯಾಕ ಬರಂಗಿಲ್ಲ.”